ಮಾವನವರ ನಾಣ್ಯಕ್ಕೆ ನಾನು ಹಿಡಿದ ಬೆಳಕು

ನನ್ನ ಕೈಗೆ ಬಂದ ಯಾವ ವಸ್ತುವೂ ಮೊದಲಿನ ಸ್ಥಿತಿಯಲ್ಲಿ ಉಳಿದಿಲ್ಲ! ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ನನ್ನ ಹೆಂಡತಿಯೂ ಇದೇ ಮಾತನ್ನು ಹೇಳುತ್ತಾಳೆ, ಧಾಟಿ ಮಾತ್ರ ಬೇರೆ. ತಯಾರಿಸಿದವರು ಅರ್ಧಕ್ಕೆ ಕೈಬಿಟ್ಟದ್ದನ್ನು ಪೂರ್ತಿ ಮಾಡುವುದಕ್ಕೇ ಭೂಮಿಗೆ ಬಂದವನು ನಾನು. ಹಾಗಾಗಿ ಆ ಶನಿವಾರ ಬೆಳಿಗ್ಗೆ ಊಟದ ಮೇಜು ಗುದ್ದಿ ಘೋಷಿಸಿದೆ:

"ಇವತ್ತು ಸಂಜೆಯೊಳಗೆ ಈ ಮೈಕ್ರೊಸ್ಕೋಪಿಗೆ ಬೆಳಕು ಅಂದ್ರೆ ಏನು ಅಂತ ಕಲಿಸ್ತೀನಿ!"

"ಮೊದಲು ಮೇಜು ಗುದ್ದೋದು ನಿಲ್ಸಿ. ಟೀ ಚೆಲ್ತು," ಅಂದಳು ಹೆಂಡತಿ.

ಮೈಕ್ರೊಸ್ಕೋಪು ಅಂದರೆ ದೊಡ್ಡ ಪ್ರಯೋಗಾಲಯದ ಯಂತ್ರವೇನಲ್ಲ. ದಪ್ಪ ಪೆನ್ನಿನಂಥ ಅಗ್ಗದ ಸಾಮಾನು. ಬಾಲದ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಎಲ್ಲ ದೊಡ್ಡದಾಗಿ ಕಾಣುತ್ತದೆ. ಅದರ ಮೂತಿಯ ಸುತ್ತ ಎಂಟು ಪುಟಾಣಿ ದೀಪ. ಇರುವೆ ತೋರಿಸು ಅಂದರೆ ಮೀಸೆ ಸಮೇತ ತೋರಿಸುತ್ತಿತ್ತು. ನಾಣ್ಯ ಇಟ್ಟ ಕೂಡಲೇ ಕುರುಡು! ಎಂಟು ದೀಪವೂ ಲೋಹದ ಮೇಲೆ ಬಿದ್ದು, ಎಂಟು ಬಿಳಿ ಚುಕ್ಕೆಗಳಾಗಿ ನಮ್ಮ ಕಣ್ಣಿಗೇ ವಾಪಸು ಹೊಡೆಯುತ್ತಿದ್ದವು.

ನೋಡಬೇಕಾಗಿದ್ದದ್ದು ಒಂದೇ ಒಂದು ನಾಣ್ಯ, ನನ್ನ ಮಾವನವರು ತಮ್ಮ ಮಗಳಿಗೆ, ಅಂದರೆ ನನ್ನವಳಿಗೆ, ಕೊಟ್ಟದ್ದು. ಬೆಳ್ಳಿಯದು. ಒಂದು ಕಡೆ ಹಡಗು, ಇನ್ನೊಂದು ಕಡೆ ಇಸವಿ. ಹನ್ನೊಂದು ವರ್ಷದ ಹಿಂದೆ ಅವರು ಅದನ್ನು ಅವಳ ಅಂಗೈಯಲ್ಲಿಟ್ಟು, "ಮನೆ ನಿನ್ನ ತಮ್ಮನಿಗೆ, ಇದು ನಿನಗೆ. ಇಸವಿಯ ಮೇಲೆ ಅಚ್ಚು ಎರಡು ಸಲ ಬಿದ್ದಿದೆ, ಇಂಥದ್ದು ಬೇರೆ ಸಿಗಲ್ಲ," ಅಂದಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಮನೆಯಲ್ಲಿ ಕೂತ ತಮ್ಮ ಬಂದಾಗಲೆಲ್ಲ, "ಅಕ್ಕಾ, ನಿನ್ನ ಆಸ್ತಿ ಹೇಗಿದೆ? ಡಬ್ಬಿಯೊಳಗೆ ಜಾಗ ಸಾಕಾಗುತ್ತಾ?" ಎಂದು ಕೇಳಿ ನಗುತ್ತಾನೆ. ಅವಳೂ ನಗುತ್ತಾಳೆ. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತದೆ. ಅಪ್ಪ ತನಗೆ ನಿಜವಾಗಿ ಏನಾದರೂ ಕೊಟ್ಟರೋ, ಇಲ್ಲ ಕಥೆ ಹೇಳಿ ಕೈತೊಳೆದುಕೊಂಡರೋ ಎಂಬ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ಅದು ನನಗೂ ಗೊತ್ತಿತ್ತು.

ನಾಣ್ಯದಂಗಡಿಯವರಿಗೆ ಫೋನು ಮಾಡಿದರೆ ಆ ಮನುಷ್ಯ ಆಕಳಿಸುತ್ತಲೇ ಉತ್ತರ ಕೊಟ್ಟರು. "ದಿನಕ್ಕೆ ಇಪ್ಪತ್ತು ಜನ ಅಪರೂಪದ್ದು ಅಂತ ತರ್ತಾರೆ ಸ್ವಾಮಿ. ಇಸವಿಯ ಫೋಟೊ ಸ್ಪಷ್ಟವಾಗಿ ತೆಗೆದು ಕಳಿಸಿ. ಆಮೇಲೆ ನೋಡೋಣ."

ಸ್ಪಷ್ಟವಾಗಿ ತಾನೆ? ಸೊಂಟ ಕಟ್ಟಿ ನಿಂತೆ!

ನಾನು ಕೆಲಸ ಮಾಡುವುದು ನಕ್ಷೆ ಬರೆಯುವ ಕಚೇರಿಯಲ್ಲಿ. ಅಲ್ಲಿಂದ ತಂದ ಟ್ರೇಸಿಂಗ್ ಕಾಗದವನ್ನು ಮೂತಿಗೆ ಸುತ್ತಿದೆ. ಎಂಟು ಚುಕ್ಕೆ ಹೋಗಿ ಒಂದು ದೊಡ್ಡ ಮಬ್ಬು ಬಂತು. ಕಾಗದ ಸಾಲದು, ಬಟ್ಟಲು ಬೇಕು ಎನಿಸಿತು. ಅಡುಗೆಮನೆಯಲ್ಲಿ ಬಿಳಿ ಪ್ಲಾಸ್ಟಿಕ್ ಬಟ್ಟಲುಗಳ ಸೆಟ್ಟಿತ್ತು. ಒಂದನ್ನು ಬೋರಲು ಹಾಕಿ, ತಳ ಕೊರೆದು, ತೂತಿನಲ್ಲಿ ಮೈಕ್ರೊಸ್ಕೋಪು ತೂರಿಸಿದೆ. ಬೆಳಕು ಎಷ್ಟು ಮೃದುವಾಯಿತೆಂದರೆ ನಾಣ್ಯ ಕಲಸಿಟ್ಟ ಹಿಟ್ಟಿನ ಹಾಗೆ ಕಂಡಿತು. ಹಡಗು ಅದರಲ್ಲೇ ಮುಳುಗಿಹೋಗಿತ್ತು!

"ಆರು ಬಟ್ಟಲು ಇದ್ವಲ್ಲ, ಒಂದೆಲ್ಲಿ?" ಒಳಗಿನಿಂದ ದನಿ ಬಂತು.

"ವಿಜ್ಞಾನಕ್ಕೆ ಕೊಟ್ಟಿದ್ದೀನಿ!"

"ವಿಜ್ಞಾನದವರು ಯಾವತ್ತು ವಾಪಸ್ ಕೊಡ್ತಾರಂತೆ?"

ಇಂಥ ಸಣ್ಣ ಮಾತಿಗೆಲ್ಲ ಜಗ್ಗುವವನಲ್ಲ ನಾನು. ಗಾಜನ್ನು ಓರೆಯಾಗಿ ನಿಲ್ಲಿಸಿ ಅದಕ್ಕೆ ಪಕ್ಕದಿಂದ ಬೆಳಕು ಬಿಟ್ಟರೆ ಆ ಬೆಳಕು ನೆಟ್ಟಗೆ ಕೆಳಗಿಳಿದು ನಾಣ್ಯದ ಮೇಲೆ ಬೀಳುತ್ತದೆ ಎಂದು ಎಲ್ಲೋ ಓದಿದ್ದೆ. ತೆಳ್ಳಗಿನ ಗಾಜು ಮನೆಯಲ್ಲಿ ಒಂದೇ ಕಡೆ ಇತ್ತು: ಮಾವನವರ ಫೋಟೊ ಚೌಕಟ್ಟಿನಲ್ಲಿ. ಬಿಚ್ಚಿದೆ, ಓರೆಯಾಗಿ ನಿಲ್ಲಿಸಿದೆ. ಪರದೆಯ ಮೇಲೆ ನಾಣ್ಯದ ಬದಲು ತಿರುಗುವ ಫ್ಯಾನೂ ನನ್ನ ಮೂಗಿನ ಒಂದು ಹೊಳ್ಳೆಯೂ ಭವ್ಯವಾಗಿ ಮೂಡಿದವು.

"ಅಪ್ಪನ ಫೋಟೊ ಗ್ಲಾಸು?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅವರ ನಾಣ್ಯ ಅವರ ಗಾಜಿನಿಂದಲೇ ನೋಡ್ತಿದ್ದೀನಿ ಕಣೇ. ಎಂಥ ಭಾಗ್ಯ!"

"ಒಡೀದೆ ವಾಪಸ್ ಹಾಕಿ."

ಅದು ಆಗಲೇ ಒಡೆದಿತ್ತು. ಹೇಳುವುದಕ್ಕೆ ಒಳ್ಳೆಯ ಗಳಿಗೆ ನೋಡುತ್ತಿದ್ದೆ, ಅಷ್ಟೆ.

ಇನ್ನೊಂದು ದೀಪ ಬೇಕೇಬೇಕಾಯಿತು. ನನ್ನವಳು ಬಟ್ಟೆ ಹೊಲಿದು ಕೊಡುತ್ತಾಳೆ. ಅವಳ ಮೆಷಿನ್ನಿಗೆ ಕತ್ತು ಬಾಗಿಸುವ ಒಂದು ಪುಟ್ಟ ದೀಪವಿದೆ. ಅವಳು ಊಟಕ್ಕೆ ಎದ್ದ ಹೊತ್ತು ನೋಡಿ ಅದನ್ನು ಕಳಚಿ ತಂದೆ. ಹೊರಗಿನ ಬೆಳಕು ಬಾರದಿರಲೆಂದು ನಾನು ಕಿಟಕಿಗಳಿಗೆ ಹೊದಿಕೆ ಕಟ್ಟಿದ್ದರಿಂದ ಮಧ್ಯಾಹ್ನದಲ್ಲೂ ಮನೆಯೆಲ್ಲ ಕತ್ತಲು. ಅವಳು ಊಟ ಮುಗಿಸಿ ಬಂದು ಆ ಕತ್ತಲಲ್ಲೇ, ಸೋಮವಾರ ಕೊಡಬೇಕಾಗಿದ್ದ ಅಂಗಿಗೆ ತೋಳು ಕೂರಿಸಿದಳು. ಎರಡೂ ಎಡಗೈಯವೇ!

ಬೈಗುಳ ಬರುತ್ತದೆಂದು ಕಾದು ಕೂತೆ. ಬರಲಿಲ್ಲ. ಅವಳು ನನ್ನ ಪಕ್ಕ ಬಂದು ನಿಂತು, ಪರದೆಯಲ್ಲಿದ್ದ ಬಿಳಿ ಮಬ್ಬನ್ನು ಸ್ವಲ್ಪ ಹೊತ್ತು ನೋಡಿದಳು.

"ದೀಪ ಯಾಕೆ ಮೇಲಿಂದ ಹಿಡೀತೀರಿ? ಕಪ್ಪು ಬಟ್ಟೆ ಮೇಲೆ ಕಪ್ಪು ಹೊಲಿಗೆ ಬಿಚ್ಚೋವಾಗ ನಾನು ದೀಪಾನ ಪಕ್ಕಕ್ಕೆ ಮಲಗಿಸ್ತೀನಿ. ನೆರಳು ಬಿದ್ರೇನೇ ದಾರ ಕಾಣೋದು."

ಅಂದವಳೇ ದೀಪದ ಕತ್ತು ಬಾಗಿಸಿ ಮೇಜಿನ ಮಟ್ಟಕ್ಕೆ ತಂದಳು. ಮೈಕ್ರೊಸ್ಕೋಪಿನ ಎಂಟು ದೀಪವನ್ನೂ ಆರಿಸಿದಳು. ಹಡಗು ಎದ್ದು ನಿಂತಿತು! ಹಾಯಿಯ ಒಂದೊಂದು ಹಗ್ಗವೂ ಕಂಡಿತು. ನಾಣ್ಯ ಮಗುಚಿ ಇಸವಿ ನೋಡಿದರೆ ಒಂದೊಂದು ಅಂಕಿಯ ಪಕ್ಕಕ್ಕೂ ಅದೇ ಅಂಕಿ ಇನ್ನೊಂದು ಸಲ, ಕೂದಲೆಳೆಯಷ್ಟು ಸರಿದು ಕೂತಿತ್ತು.

"ನೋಡಿದ್ಯಾ ನನ್ನ ಐಡಿಯಾ!" ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಲ್ಕು ಅಂಕಿಯ ಫೋಟೊ ಅಂಗಡಿಯವರಿಗೆ ಹೋಯಿತು. ಬೆಳಿಗ್ಗೆ ಆಕಳಿಸಿದ್ದ ಮನುಷ್ಯ ಅರ್ಧ ನಿಮಿಷದಲ್ಲಿ ತಾವೇ ಫೋನು ಮಾಡಿದರು! "ಅದನ್ನ ಯಾರಿಗೂ ಕೊಡಬೇಡಿ. ನಾಳೆ ನಾನೇ ಮನೆಗೆ ಬರ್ತೀನಿ." ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಮೈಯೆಲ್ಲ ಜಂಭ ತುಂಬಿದವನು ಸುಮ್ಮನಿರುತ್ತಾನೆಯೇ? ಅವಳ ತಮ್ಮನನ್ನೂ ಕರೆದೆ. "ಬಾರಯ್ಯ, ನಿಮ್ಮಕ್ಕನ ಆಸ್ತಿ ನೋಡುವೆಯಂತೆ!" ಸಾಲದ್ದಕ್ಕೆ ಕಂಪ್ಯೂಟರನ್ನು ಟಿವಿಗೇ ಸಿಕ್ಕಿಸಿದೆ. ನನ್ನ ವಿಜಯ ಗೋಡೆಯಗಲ ಕಾಣಬೇಕಲ್ಲ!

ಭಾನುವಾರ ಹತ್ತು ಗಂಟೆಗೆ ಎಲ್ಲರೂ ಕೂತರು. ಅಂಗಡಿಯವರು ಅಂಕಿಗಳನ್ನು ಟಿವಿಯಲ್ಲೂ ನೋಡಿದರು, ಭೂತಗನ್ನಡಿ ಹಿಡಿದು ನಾಣ್ಯದಲ್ಲೂ ನೋಡಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ನಿಮ್ಮ ತಂದೆ ಹೇಳಿದ್ದು ನೂರಕ್ಕೆ ನೂರು ನಿಜ ಕಣಮ್ಮ. ನನ್ನ ಸರ್ವೀಸಲ್ಲಿ ಇಂಥದ್ದು ಎರಡೇ ನೋಡಿರೋದು. ಒಂದು ಮನೆಯಷ್ಟು ತೂಕದ ಉಡುಗೊರೆ ಕೊಟ್ಟಿದ್ರು ನಿಮಗೆ."

ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಭಾಮೈದ ಹುಳ್ಳಗೆ ನಕ್ಕು ಟೀ ಲೋಟದೊಳಗೆ ಇಣುಕಿದ.

"ಪೂರ್ತಿ ನಾಣ್ಯ ತೋರಿಸಿ," ಅಂದರು ಅಂಗಡಿಯವರು. "ದೀಪಾನ ಸುತ್ತಲೂ ನಿಧಾನಕ್ಕೆ ತಿರುಗಿಸಿ. ಒಳ್ಳೇ ಬೆಳಕು ಮಾಡಿದ್ದೀರಿ."

ಎದೆ ಉಬ್ಬಿಸಿಕೊಂಡು ತಿರುಗಿಸಿದೆ. ತಿರುಗಿಸಿದಂತೆ ಟಿವಿಯ ಮೇಲೆ ಗೆರೆಗಳು ಹೊತ್ತಿಕೊಂಡವು. ಸಾವಿರಾರು ಸಣ್ಣ ಗೆರೆ! ಹಡಗಿನ ಮೇಲೆ, ಸಮುದ್ರದ ಮೇಲೆ, ಅಕ್ಷರಗಳ ಸಂದುಗೊಂದಿನಲ್ಲಿ, ಸುತ್ತಿ ಸುತ್ತಿ ಗೀಚಿದ ಗೆರೆಗಳು.

ಅಂಗಡಿಯವರು ಭೂತಗನ್ನಡಿ ಜೇಬಿಗೆ ಹಾಕಿಕೊಂಡರು. "ಇದನ್ನ ಯಾರು ಉಜ್ಜಿದ್ದು?"

"ಉಜ್ಜಿದ್ರೆ ಏನಾಯ್ತು?" ಅಂದೆ.

"ಎಲ್ಲ ಆಯ್ತು. ಉಜ್ಜಿದ ನಾಣ್ಯಾನ ಸಂಗ್ರಹ ಮಾಡೋರು ಮುಟ್ಟೋದಿಲ್ಲ ಸ್ವಾಮಿ. ಬೆಳ್ಳಿ ಮೇಲಿನ ಹಳೇ ಕಪ್ಪು ಹಾಗೇ ಇದ್ದಿದ್ರೆ ಅದರ ಕಥೆಯೇ ಬೇರೆ. ಈಗ ಇದು ಬರೀ ಬೆಳ್ಳಿ. ಯಾರೋ ಪುಣ್ಯಾತ್ಮರು ಪುಡಿ ಹಾಕಿ, ಬ್ರಷ್ ಹಿಡಿದು, ಅರ್ಧ ಗಂಟೆ ತಿಕ್ಕಿದ್ದಾರೆ."

ನನ್ನ ರಕ್ತ ಕುದಿಯಿತು. ಭಾಮೈದನ ಕಡೆ ಬೆರಳು ಚಾಚಿ ಎದ್ದು ನಿಂತೆ. "ನಿಮ್ಮಪ್ಪ ಕೊಡೋವರೆಗೂ ನಿಮ್ಮನೇಲೇ ತಾನೇ ಇದ್ದದ್ದು! ಅಕ್ಕನ ಪಾಲಿಗೆ ಬರೋದನ್ನ ಹಾಳು ಮಾಡೋಕೆ ಮನಸ್ಸಾದ್ರೂ ಹೇಗೆ ಬಂತಯ್ಯ ನಿನಗೆ?"

"ಭಾವ, ನಾನು ಅದನ್ನ ಕೈಯಲ್ಲಿ ಮುಟ್ಟೇ ಇಲ್ಲ. ಅಪ್ಪ ಮುಟ್ಟೋಕೆ ಬಿಡ್ತಾನೇ ಇರ್ಲಿಲ್ಲ."

"ಸುಳ್ಳು! ಯಾವನೋ ತಲೆಯಲ್ಲಿ ಮೆದುಳಿಲ್ಲದವನು..."

"ರೀ," ಅಂದಳು ಹೆಂಡತಿ, ಮೆಲ್ಲಗೆ. "ನೀವೇ."

"ನಾನಾ?"

"ಅಪ್ಪ ಕೊಟ್ಟ ದಿನವೇ. ಮಾವನವರು ಕೊಟ್ಟಿದ್ದು ಇಷ್ಟು ಕೊಳಕಾಗಿದ್ರೆ ಅವರಿಗೇ ಮರ್ಯಾದೆ ಅಲ್ಲ ಅಂದ್ರಿ. ಬಚ್ಚಲಿಗೆ ತಗೊಂಡು ಹೋಗಿ ಹಲ್ಲುಪುಡಿ ಹಾಕಿ ತಿಕ್ಕಿದ್ರಿ. ಫಳಫಳ ಅನ್ನೋ ಹಾಗೆ ಮಾಡಿ, ಒರೆಸಿ, ಅಪ್ಪನ ಕೈಗೇ ಕೊಟ್ಟು ತೋರಿಸಿದ್ರಿ."

ನಿಜ. ಮಾಡಿದ ಉಪಕಾರ ಮರೆತುಬಿಡುವ ದೊಡ್ಡ ಗುಣ ನನ್ನದು. ಈಗ ಎಲ್ಲ ನೆನಪಾಯಿತು: ಬಚ್ಚಲಿನ ತೊಟ್ಟಿ, ಕಪ್ಪಾದ ನೀರು, ನಾನು ಗುನುಗುತ್ತಿದ್ದ ಹಾಡು. ಮಾವನವರು ನಾಣ್ಯವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಚೆನ್ನಾಗಿ ಹೊಳೀತಿದೆ ಅಳಿಯಂದ್ರೇ," ಅಂದಿದ್ದರು. ನನಗೆ ಹೊಗಳಿಕೆಯೆಂದರೆ ಹೊಗಳಿಕೆಯೇ. ಅವರ ಮುಖ ನೋಡುವ ಗೋಜಿಗೆ ನಾನು ಹೋಗಿರಲಿಲ್ಲ.

"ಅವತ್ತಿಂದ ಅಪ್ಪ ಆ ನಾಣ್ಯದ ಸುದ್ದೀನೇ ಎತ್ತಲಿಲ್ಲ," ಅಂದಳು ಅವಳು. "ನಾನು ಕೇಳಿದ್ರೂ ಬೇರೆ ಮಾತು ತೆಗೀತಿದ್ರು. ಕೊಟ್ಟಿದ್ದಕ್ಕೆ ಮನಸ್ಸಿಲ್ಲವೇನೋ, ನನ್ನ ಮೇಲೆ ಏನೋ ಬೇಜಾರೇನೋ ಅಂತ ಹನ್ನೊಂದು ವರ್ಷ ಅಂದುಕೊಂಡೇ ಇದ್ದೆ."

"ಅವರು ಆಗಲೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ!"

"ಅಳಿಯನಿಗೆ ಹೇಳೋಕಾಗುತ್ತಾ? ಹೇಳಿದ್ರೆ ನನ್ನ ಸಂಸಾರದಲ್ಲಿ ಜಗಳ ಆಗುತ್ತೆ ಅಂತ ನುಂಗಿಕೊಂಡಿರ್ತಾರೆ."

ಅಂಗಡಿಯವರು ಗಡಿಯಾರ ನೋಡಿಕೊಂಡು ಎದ್ದರು. ಭಾಮೈದ ಮೊದಲ ಸಲ ಅಕ್ಕನ ಮುಂದೆ ತಮಾಷೆ ಮಾಡದೆ, ಚಪ್ಪಲಿ ಮೆಟ್ಟಿ ಹೊರಟ. ಅವನು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಾಜಿಲ್ಲದ ಚೌಕಟ್ಟಿನಿಂದ ಮಾವನವರು ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷ ತಡವಾಗಿ ಆಯಿತು, ಬಡ್ಡಿ ಸಮೇತ ಆಯಿತು.

ಮೆಲ್ಲಗೆ ಕೈ ಚಾಚಿ ದೀಪ ಆರಿಸಲು ಹೋದೆ.

"ಆರಿಸಬೇಡಿ," ಅಂದಳು. ದೀಪದ ಕತ್ತು ಹಿಡಿದು ನಾಣ್ಯದಿಂದ ಬಿಡಿಸಿ, ನನ್ನ ಕೆನ್ನೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಏನೇ ಇದು?"

"ಇಷ್ಟು ವರ್ಷ ನಿಮ್ಮನ್ನ ನೆಟ್ಟಗಿನ ಬೆಳಕಲ್ಲೇ ನೋಡಿದ್ದೆ. ಒಂದು ಸಲ ಪಕ್ಕದಿಂದ ನೋಡ್ತೀನಿ, ತಿರುಗಿ."