ನಮ್ಮ ಕಾಕಾ ಮತ್ತು ಐಸ್‌ಲ್ಯಾಂಡಿನ ಹೆಸರುಗಳು

ನಮ್ಮ ಕಾಕಾನ ಜೊತೆ ಸಿನಿಮಾ ನೋಡುವುದಕ್ಕಿಂತ ದವಾಖಾನೆಗೆ ಹೋಗುವುದು ವಾಸಿ. ಅಲ್ಲಿ ಬೇಗ ಬಿಡುತ್ತಾರೆ! ಬೆಟಗೇರಿಯ ಒಂದು ಟಾಕೀಸಿನಲ್ಲಿ ಅವನು ಮೂವತ್ತು ವರ್ಷ ಆಪರೇಟರ್ ಆಗಿದ್ದವನು. ಆಗೆಲ್ಲ ಸಿನಿಮಾ ಮಾಡಿದವರ ಹೆಸರು ಮೊದಲೇ ಬರುತ್ತಿದ್ದವು. ಹೆಸರು ಓಡುವಾಗ ಯಾರಾದರೂ ಕುರ್ಚಿ ಹುಡುಕುತ್ತ ಗದ್ದಲ ಮಾಡಿದರೋ, ರೀಲು ನಿಲ್ಲಿಸಿ ಮತ್ತೆ ಮೊದಲಿನಿಂದ! ಒಮ್ಮೆ ಮೂರು ಸಲ ಹೀಗಾಗಿ, ಮ್ಯಾಟಿನಿ ಬಿಡುವ ಮೊದಲೇ ಫಸ್ಟ್ ಶೋದವರು ಬಾಗಿಲು ಬಡಿಯತೊಡಗಿದ್ದರು.

ನನ್ನ ಮದುವೆಯ ವಿಡಿಯೋಕ್ಕೂ ಅವನು ಹೆಸರು ಹಾಕಿಸಿದ. ಬುಂದಿ ಕರಿದವರು, ಪೆಂಡಾಲ ಕಟ್ಟಿದವರು, ನೀರು ಹೊತ್ತವರು ಎಲ್ಲ ಆದ ಮೇಲೆ ಒಂಬತ್ತನೆಯವನು ಮದುಮಗ! ಲಕ್ಷ್ಮೇಶ್ವರದ ನನ್ನ ಹೆಂಡತಿ, ಮನೆಯಲ್ಲಿ ನನ್ನ ಸ್ಥಾನ ಯಾವುದೆಂದು ಈಗಲೂ ಆ ಪಟ್ಟಿ ನೋಡಿಯೇ ಹೇಳುತ್ತಾಳೆ.

ಟಾಕೀಸು ಮುಚ್ಚಿ ಕಲ್ಯಾಣ ಮಂಟಪವಾಯಿತು. ಕಾಕಾ ಸುಮ್ಮನಿರುವ ಆಸಾಮಿಯೇ? ಸಣ್ಣದೊಂದು ಪ್ರೊಜೆಕ್ಟರ್ ಹೊಂದಿಸಿಕೊಂಡು, ನೇಯ್ಗೆ ನಿಂತು ಖಾಲಿ ಬಿದ್ದಿದ್ದ ಒಂದು ಮಗ್ಗದ ಖೋಲಿಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಭಾನುವಾರ ಮಧ್ಯಾಹ್ನ ಓಣಿಯವರಿಗೆ ಸಿನಿಮಾ ತೋರಿಸತೊಡಗಿದ. ಅಷ್ಟರಲ್ಲಿ ಹೆಸರುಗಳು ಸಿನಿಮಾದ ಕೊನೆಗೆ ಹೋಗಿಬಿಟ್ಟಿದ್ದವು. ಕಥೆ ಮುಗಿಯುತ್ತಲೇ ಮಂದಿ ಖಾಲಿ! ಉಳಿಯುತ್ತಿದ್ದದ್ದು ನಾನು, ಮತ್ತೆ ಖೋಲಿಯ ಕಂಬ. ಸಾಯುವುದರೊಳಗೆ ಒಮ್ಮೆಯಾದರೂ ಎಲ್ಲರೂ ಕೊನೆಯ ಹೆಸರಿನ ತನಕ ಕೂತಿರುವುದನ್ನು ನೋಡಬೇಕು, ಇದೊಂದೇ ಅವನ ಆಸೆ.

ಹೋದ ತಿಂಗಳು ಧಾರವಾಡದ ಗೆಳೆಯನಿಂದ ನಾನೊಂದು ಐಸ್‌ಲ್ಯಾಂಡಿನ ನಗೆ ಸಿನಿಮಾ ತಂದೆ. ಸಿಟ್ಟಾಗಿ ಅಕ್ಕನ ಮನೆ ಸೇರಿದ ಹೆಂಡತಿಗೆ ಮುದುಕನೊಬ್ಬ ಅವಳ ಕಪಾಟನ್ನು ಗುಡ್ಡ ದಾಟಿಸಿ ಒಯ್ದು ಕೊಡುವುದೇ ಕಥೆ. ಗಾಳಿಗೆ ಕಪಾಟಿನ ಬಾಗಿಲುಗಳು ಒಂದೊಂದಾಗಿ ಹಾರಿಹೋಗುತ್ತವೆ. ಮಾತು ಅವರ ಭಾಷೆ, ಕೆಳಗೆ ಇಂಗ್ಲಿಷು, ಕನ್ನಡ ಮಾತ್ರ ಕಾಕಾನದು! ಅವನು ಒಂದು ಸಾಲು ಓದುವಷ್ಟರಲ್ಲಿ ನಾಲ್ಕು ಸಾಲು ಮುಂದೆ ಹೋಗಿರುತ್ತಿದ್ದವು. ಉಳಿದದ್ದೆಲ್ಲ ಸ್ವಂತದ್ದು. ಹೀಗಾಗಿ ಐಸ್‌ಲ್ಯಾಂಡಿನ ಮುದುಕ ಅಪ್ಪಟ ಶಿರಹಟ್ಟಿಯವನಾಗಿ, "ನಿಮ್ಮಕ್ಕನ ಮನ್ಯಾಗ ಕಪಾಟ ಇಲ್ಲೇನ ಮಾರಾಯ್ತಿ" ಎಂದು ಹಿಮದಲ್ಲಿ ನಿಂತು ಗೋಳಾಡಿದ. ಟಂಟಂ ಗಾಡಿ ಬಾಡಿಗೆ ಮಾಡಿಕೊಂಡು ಹೋಗಬಾರದೇ ಎಂದು ಹಿಂದಿನಿಂದ ಯಾರೋ ಕೇಳಿದರು. ಆ ಗುಡ್ಡಕ್ಕೆ ಟಂಟಂ ಹತ್ತುವುದಿಲ್ಲ ಎಂದು ಕಾಕಾ ಹೋಗಿ ನೋಡಿಬಂದವನಂತೆ ಹೇಳಿದ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಥೆ ಮುಗಿಯಿತು. ಎಲ್ಲರೂ ಧೂಳು ಕೊಡವಿಕೊಂಡು ಎದ್ದರು. ಕಾಕಾ ಗಡಬಡಿಸಿ ನೋಟ್‌ಬುಕ್ ತೆರೆದ. ಎಂಟು ದಿನ ಕೂತು ಆ ಹೆಸರುಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡಿದ್ದ. ಒಂದೊಂದು ಹೆಸರೂ ಗದಗದಿಂದ ಮುಂಡರಗಿ ತನಕ ಉದ್ದ! ಇವನು ಲೈಟ್ ಹಿಡಿದಾಂವ, ಇವಳು ಮುದುಕನ ಕೋಟು ಹೊಲಿದಾಕಿ, ಇವನು ಕಪಾಟಿಗೆ ಹಗ್ಗ ಕಟ್ಟಿದಾಂವ ಎಂದು ಓದುತ್ತ ಹೋದ. ಮಂದಿ ಚಪ್ಪಲಿ ಹುಡುಕುತ್ತಿದ್ದರು.

ಆಗ ಮುಂದೆ ಕೂತಿದ್ದ ನೇಕಾರರ ಅಜ್ಜಿಯೊಬ್ಬಳು ಹೊರಟವರ ಕಡೆ ತಿರುಗಿದಳು.

"ಕುಂಡ್ರಿ. ನಾ ನೇಯ್ದ ಸೀರಿ ಎಷ್ಟ ಮಂದಿ ಉಟ್ಟಾರ, ಒಬ್ಬರರ ನನ್ನ ಹೆಸರ ಕೇಳ್ಯಾರೇನ? ಇವರದರ ಕೇಳೂಣು."

ಖೋಲಿ ತುಂಬ ಮಗ್ಗದ ಮಂದಿಯೇ. ಎಲ್ಲರೂ ಮತ್ತೆ ಕೂತರು. ಅಡುಗೆಯವರು, ಗಾಡಿ ಹೊಡೆದವರು, ಹಿಮ ಬಳಿದು ದಾರಿ ಮಾಡಿದವರು, ಒಬ್ಬರನ್ನೂ ಬಿಡದೆ ಕಾಕಾ ಕೊನೆಯ ಹೆಸರಿನ ತನಕ ಓದಿದ.

"ಮತ್ತ ಇದನ್ನ ತೋರಿಸಿದಾಂವನ ಹೆಸರ?" ಅಜ್ಜಿ ಕೇಳಿದಳು.

ಕಾಕಾ ನಿಜವಾಗಿಯೂ ನೋಟ್‌ಬುಕ್ ತಿರುವಿ ಹುಡುಕಿದ. ಅದರಲ್ಲಿ ಇರಲಿಲ್ಲ. ನಾನು ಎದ್ದು ನಿಂತು ಖೋಲಿಗೆಲ್ಲ ಕೇಳುವಂತೆ ಅವನ ಪೂರ್ತಿ ಹೆಸರು ಹೇಳಿದೆ. ಅದು ಮುಗಿದ ಮೇಲೂ ಯಾರೊಬ್ಬರೂ ಏಳಲಿಲ್ಲ.