ಒಂದು ಭಾನುವಾರ ಸರಿ ಹೇಳಿಬಿಟ್ಟ ಹವಾಮಾನ ಅಧಿಕಾರಿಗಳಿಗೆ

ಮಾನ್ಯರೇ,

ಪ್ರತಿದಿನ ಬೆಳಗ್ಗೆ ಆರು ಗಂಟೆಗೆ ರೇಡಿಯೋದಲ್ಲಿ ಮುಗಿಲಿನ ಮನಸ್ಸಿನಲ್ಲಿರುವುದನ್ನು ನಮ್ಮಂಥ ಪಾಮರರಿಗೆ ತಿಳಿಸುವ ತಮ್ಮ ಸನ್ನಿಧಾನಕ್ಕೆ, ಒದ್ದೆ ಕಾಲುಚೀಲ ಹಿಂಡುತ್ತಲೇ ಮಾಡುವ ಸವಿನಯ ನಮಸ್ಕಾರಗಳು. ನಾನು ಅಚ್ಚುಕೂಟದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನು. ದೂರು ಬರೆದು ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನನ್ನ ಅಕ್ಕನ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಯಿತು. ನಮ್ಮೂರ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರವಿಲ್ಲದ ಕಾರಣ ವಾರಕ್ಕೆ ಮೂರು ದಿನ ಮೂವತ್ತು ಕಿಲೋಮೀಟರು ದೂರದ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಇಲ್ಲಿಗೂ ಒಂದು ಯಂತ್ರ ತರಿಸಲು, ನಡೆದ ಕಿಲೋಮೀಟರಿಗೆ ಇಷ್ಟೆಂದು ಚಂದಾ ಎತ್ತಬೇಕೆಂದು ನಾನು, ದರ್ಜಿ ಮತ್ತು ಬೇಕರಿಯವನು, ಮೂವರು ಗೆಳೆಯರು ಸೇರಿ, ಅಲ್ಲಿಂದ ಇಲ್ಲಿಗೆ ನಡೆದೇ ಬರುವುದಾಗಿ ಊರಿಗೆಲ್ಲ ಮಾತು ಕೊಟ್ಟೆವು. ನಮ್ಮ ಹೊಟ್ಟೆಗಳನ್ನು ಕಂಡವರು ಮೂಗಿನ ಮೇಲೆ ಬೆರಳಿಟ್ಟರು. ಹಾಗಾಗಿ ಮಳೆಗಾಲವೆಂದೂ ನೋಡದೆ ಪ್ರತಿ ಭಾನುವಾರ ನಡಿಗೆಯ ಅಭ್ಯಾಸ ಶುರುವಾಯಿತು.

ಮೊದಲ ವಾರ ತಾವು ಒಣಹವೆ ಎಂದಿರಿ, ನಾವು ತೊಯ್ದು ತೊಪ್ಪೆಯಾದೆವು. ಎರಡನೆಯ ವಾರ ಭಾರಿ ಮಳೆ ಎಂದಿರಿ, ರೈನ್‌ಕೋಟಿನೊಳಗೆ ಬೆವರಿ ಬೆಂದೆವು. ಇನ್ನೆರಡು ವಾರ ಇದೇ ಕಥೆಯಾದ ಮೇಲೆ ದರ್ಜಿ ಕತ್ತರಿ ಕೆಳಗಿಟ್ಟು, "ಅಲ್ರೋ, ಇವರು ತಪ್ಪು ಹೇಳ್ತಿಲ್ಲ, ಉಲ್ಟಾ ಹೇಳ್ತಿದ್ದಾರೆ ಅಷ್ಟೇ" ಎಂದ. ಅಂದಿನಿಂದ ತಾವು ಮಳೆ ಎಂದರೆ ಬರಿಗೈಯಲ್ಲೂ, ಒಣಹವೆ ಎಂದರೆ ಕೊಡೆ ಹಿಡಿದೂ ಹೊರಟೆವು. ಸತತ ಆರು ವಾರ ಮಳೆ ನಮ್ಮ ಮೈ ಮುಟ್ಟಲಿಲ್ಲ. ಸರಿ ಹೇಳುವವರು ಆಗಾಗ ಎಡವುತ್ತಾರೆ, ಆದರೆ ಒಂದು ದಿನವೂ ರಜೆ ಹಾಕದೆ ಇಷ್ಟು ನಿಷ್ಠೆಯಿಂದ ತಪ್ಪು ಹೇಳುವವರನ್ನು ನಾನಂತೂ ಕಂಡಿರಲಿಲ್ಲ. ನಮ್ಮ ಬೀದಿಯವರು ಬಟ್ಟೆ ಒಗೆಯುವ ದಿನವನ್ನೂ ತಮ್ಮ ಮಾತು ಕೇಳಿಯೇ ಗೊತ್ತುಮಾಡತೊಡಗಿದರು.

ಹೀಗೆ ನಮ್ಮ ವಿಶ್ವಾಸ ಗಳಿಸಿಕೊಂಡು, ಕಳೆದ ಭಾನುವಾರ, ಅದೂ ನಾವು ಇಪ್ಪತ್ತು ಕಿಲೋಮೀಟರಿನ ದೊಡ್ಡ ಅಭ್ಯಾಸ ಇಟ್ಟುಕೊಂಡ ದಿನವೇ, ತಾವು ಭಾರಿ ಮಳೆ ಎಂದಿರಿ ಮತ್ತು ಭಾರಿ ಮಳೆಯೇ ಬಂತು. ಕೊಡೆಯಿಲ್ಲ, ಕೋಟಿಲ್ಲ, ಕಾಲಲ್ಲಿ ಹೊಸ ಬೂಟು. ದರ್ಜಿಯ ಹಿಮ್ಮಡಿಯಲ್ಲಿ ಎದ್ದ ಬೊಬ್ಬೆಯಿಂದಾಗಿ ಅವನೀಗ ಹೊಲಿಗೆ ಯಂತ್ರವನ್ನು ಒಂದೇ ಕಾಲಿನಲ್ಲಿ ತುಳಿಯುತ್ತಿದ್ದಾನೆ. ಬೇಕರಿಯವನ ಹೆಂಡತಿ ತಮ್ಮ ತಪ್ಪಿನ ಮೇಲೆ ಪೂರ್ಣ ಭರವಸೆಯಿಟ್ಟು ಮನೆಯ ಮೂರೂ ಹಾಸಿಗೆಗಳನ್ನು ತಾರಸಿಯಲ್ಲಿ ಬಿಸಿಲಿಗೆ ಹಾಕಿದ್ದರು. ಆ ಅತ್ತಿಗೆ ಈಗ ನಮ್ಮ ಮೂವರೊಂದಿಗೂ ಮಾತು ಬಿಟ್ಟಿದ್ದಾರೆ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆವು. ಆದರೆ ಬರುವ ಭಾನುವಾರವೇ ನಿಜವಾದ ನಡಿಗೆ. ಅಂಚೆ ಕಚೇರಿಯ ತಿರುವಿನಿಂದ ನಮ್ಮೂರ ಆಸ್ಪತ್ರೆಯ ಬಾಗಿಲಿನವರೆಗಿನ ಕೊನೆಯ ಇನ್ನೂರು ಹೆಜ್ಜೆ ತಾನೂ ನಮ್ಮೊಂದಿಗೆ ನಡೆಯುತ್ತೇನೆಂದು ಅಕ್ಕ ಹಟ ಹಿಡಿದಿದ್ದಾಳೆ. ಅವಳ ಕುತ್ತಿಗೆಯ ಬಳಿ ಈಚೆಗೆ ಡಯಾಲಿಸಿಸ್‌ಗೆಂದು ನಳಿಕೆ ಕೂರಿಸಿದ್ದಾರೆ. ಅದಕ್ಕೆ ನೀರು ತಾಗಿದರೆ ನಂಜಾದೀತೆಂದು ಡಾಕ್ಟರು ಹೆದರಿಸಿದ್ದಾರೆ. ಅಡ್ಡಡ್ಡ ಹೊಡೆಯುವ ನಮ್ಮೂರ ಮಳೆಗೆ ಕೊಡೆ ಲೆಕ್ಕಕ್ಕಿಲ್ಲ. ಬಾ ಎನ್ನಲು ನನಗೆ ಭಯ, ಬೇಡ ಎನ್ನಲು ಬಾಯಿ ಬರುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಬಿನ್ನಹವೇನೆಂದರೆ, ಅಂದು ತಾವು ಸರಿ ಹೇಳಲಿದ್ದೀರೋ ತಪ್ಪು ಹೇಳಲಿದ್ದೀರೋ ಎಂಬುದನ್ನು ಶನಿವಾರದೊಳಗೆ ಲಿಖಿತವಾಗಿ ತಿಳಿಸಬೇಕು. ಅದು ನಿಯಮಕ್ಕೆ ವಿರುದ್ಧವಾದರೆ, ಮೋಡಗಳಿಗಾದರೂ ಒಂದು ಸುತ್ತೋಲೆ ಹೊರಡಿಸಿ, ಅಕ್ಕ ನಡೆಯುವ ಹೊತ್ತಾದ ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡೂವರೆಯವರೆಗೆ ರಜೆ ಮಂಜೂರು ಮಾಡಬೇಕು. ಉಳಿದ ಹೊತ್ತು ಅವು ನಮ್ಮ ಮೂವರ ತಲೆಯ ಮೇಲೆ ಧಾರಾಳವಾಗಿ ಸುರಿಯಲಿ, ಅಡ್ಡಿಯಿಲ್ಲ.

ಇಂತಿ,
ತಮ್ಮ ತಪ್ಪುಗಳ ವಿಶ್ವಾಸಿ,
ರಟ್ಟು ಕಟ್ಟುವವನು

ತಾ.ಕ.: ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. "ಎರಡು ವರ್ಷದಿಂದ ಬಸ್ ಸ್ಟಾಪಲ್ಲಿ ನಿಂತು ಆಕಾಶ ನೋಡ್ತಿದ್ದೀನಿ, ಮಳೆ ಬರುತ್ತೋ ಇಲ್ವೋ ಅಂತ ನನ್ನನ್ನೇ ಕೇಳಬಾರದಿತ್ತೇನೋ" ಎಂದಳು. ಈ ಭಾನುವಾರ ಮಧ್ಯಾಹ್ನ ಮಳೆಯಿಲ್ಲವಂತೆ, ಸೀರೆಯನ್ನೂ ತೆಗೆದಿಟ್ಟಿದ್ದಾಳೆ. ತಮ್ಮ ಕಚೇರಿಯಲ್ಲಿ ಹುದ್ದೆ ಖಾಲಿಯಿದ್ದರೆ ತಿಳಿಸುವುದು. ಮಂಗಳವಾರ, ಗುರುವಾರ, ಶನಿವಾರ ಮಾತ್ರ ಅವಳಿಗೆ ಬರಲಾಗುವುದಿಲ್ಲ.