ಅರ್ಧ ಬುಟ್ಟಿ ಕಾಂಕ್ರೀಟು

ಬೀಗರು ಬಂದರೆ ಚಹಾ ಕೊಡಬೇಕು, ಎಲೆ ಅಡಿಕೆ ಕೊಡಬೇಕು, ಸಲಿಕೆ ಕೊಡಬಾರದು. ನಮ್ಮ ರಾಯಬಾಗ ಕಡೆ ತೊಟ್ಟಿಲ ಕೂಸಿಗೂ ಇದು ಗೊತ್ತು. ಆದರೆ ವಿಮಾನ ಹತ್ತಿ ಸಮುದ್ರ ದಾಟಿ ಬಂದವರೇ ‘ಸಲಿಕೆ ಎಲ್ಲಿ?’ ಎಂದು ಕೇಳಿದರೆ ಏನು ಮಾಡುತ್ತೀರಿ? ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಂಥ ಪ್ರಶ್ನೆಗೆ ಉತ್ತರ ಕಲಿತಿರಲಿಲ್ಲ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದ ಕಾಲ ಅದು. ನಮ್ಮ ಓಣಿಯಲ್ಲಿ ಕ್ರೈಸ್ತರ ಪ್ರಾರ್ಥನೆ ಮನೆ ಏಳುತ್ತಿತ್ತು, ನಾನು ಅಲ್ಲಿ ಬುಟ್ಟಿ ಹೊರುವ ಕೂಲಿಯಾಳು. ನಾನು ಚಿಂಚಲಿ ಮಾಯಕ್ಕ ದೇವಿಗೆ ನಡೆದುಕೊಳ್ಳುವವಳು. ಆದರೆ ಗೋಡೆ ಯಾರದಾದರೂ ಬುಟ್ಟಿಯ ಭಾರ ಅಷ್ಟೇ. ಮಾಳಿಗೆಗೆ ಕಾಂಕ್ರೀಟು ಸುರಿಯುವ ಸ್ಲ್ಯಾಬಿನ ದಿನ ಹತ್ತಿರ ಬಂದಾಗ ಗೌಂಡಿ ಬಾಳಪ್ಪ, “ಆಯಿ, ನಿನಗ ವಯಸ್ಸಾತು. ಸ್ಲ್ಯಾಬಿಗೆ ಬರಬ್ಯಾಡ. ಬಿದ್ದಿ ಅಂದ್ರ ನನ್ನ ಕೊರಳಿಗೆ ಬರ್ತೈತಿ,” ಎಂದುಬಿಟ್ಟ. ಸ್ಲ್ಯಾಬೆಂದರೆ ನಮ್ಮ ಕೆಲಸದಲ್ಲಿ ಮದುವೆ ಇದ್ದಂತೆ. ಅವತ್ತು ಸಾಲಿನಲ್ಲಿ ನಿಲ್ಲದವಳನ್ನು ಆಮೇಲೆ ಯಾವ ಕೆಲಸಕ್ಕೂ ಯಾರೂ ಕರೆಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ದಿನ ಬೈದುಕೊಳ್ಳುತ್ತಲೇ ತಲೆಯ ಮೇಲೆ ಬಟ್ಟೆಯ ಸಿಂಬಿ ಸುತ್ತಿಕೊಂಡು ಹೋಗಿ ನಿಂತೆ.

ಅಷ್ಟರಲ್ಲಿ ಜೀಪಿನಿಂದ ಪರದೇಶದವರು ಇಳಿದರು. “ಪ್ರಾರ್ಥನೆ ಮನೆ ಕಟ್ಟಾಕ ರಜಾ ಹಾಕಿ ಬಂದಾರ,” ಎಂದರು ಅವರ ಜೊತೆ ಇಳಿದ ಪಾಸ್ಟರು.

ನನ್ನ ಜೊತೆಗಾತಿ ಶಾಂತವ್ವ ಬಾಯಿ ಮೇಲೆ ಸೆರಗು ಹಿಡಿದಳು. “ರಜಾ ಹಾಕಿ ಬುಟ್ಟಿ ಹೊರತಾರ? ನಮಗ ರಜಾ ಸಿಕ್ಕರ ಮಲಗತೀವಿ ಬೇ!”

ಅವರಲ್ಲಿ ಒಬ್ಬಳು ಮುದುಕಿ. ನನಗಿಂತ ನಾಲ್ಕು ಕೂದಲು ಹೆಚ್ಚೇ ನರೆತಿದ್ದವು, ಅದಕ್ಕೆ ‘ಅಕ್ಕ’ ಎಂದೆ. ತಲೆಗೆ ಟೊಪ್ಪಿಗೆ, ಕೈಗೆ ಗವಸು ಹಾಕಿಕೊಂಡು ಬಂದಳು. ಬಾಳಪ್ಪ ಹಲ್ಲು ಕಿಸಿದು, “ಬರ್ರಿ ಮೇಡಂ, ಬರ್ರಿ,” ಎಂದ. ನನಗೆ ಮೈ ಉರಿಯಿತು. “ಯಾಕೋ ಬಾಳ್ಯಾ, ಆಕಿ ತಲಿ ಬೆಳ್ಳಗಾಗಿದ್ದು ಏನು ಹಿಟ್ಟು ಮೆತ್ತಿಕೊಂಡ? ಆಕಿಗೆ ಬರ್ರಿ, ನನಗ ಹೋಗು?” ಎಂದೆ. ಅವನು ತಲೆ ಕೆರೆದುಕೊಂಡ. ನಾನು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದು ನಿಂತೆ.

ಮೋಡ ಕವಿದಿದ್ದವು, ಮಳೆ ಬಂದರೆ ಸ್ಲ್ಯಾಬು ಕೆಟ್ಟಂತೆಯೇ; ಅವರು ಕೈ ಕೈ ಹಿಡಿದು ಪ್ರಾರ್ಥನೆ ಮಾಡಿದರು. ನಾನು ಮಾಯಕ್ಕನನ್ನು ನೆನೆದೆ. ಯಾರ ಮಾತು ಮುಟ್ಟಿತೋ, ಮೋಡ ಸರಿದವು, ಕೆಲಸ ಹತ್ತಿತು. ಶಾಂತವ್ವ ಬುಟ್ಟಿ ತುಂಬುತ್ತಿದ್ದಳು. ಬೀಗರಿಗೆ ಮರ್ಯಾದೆ ಮಾಡಬೇಕಲ್ಲ, ಅವರಿಗೆ ಅರ್ಧ ಬುಟ್ಟಿ, ನಮಗೆ ಪೂರ್ತಿ. ಅವರು ನಗುನಗುತ್ತ ಓಡಾಡಿದರು. ಅಕ್ಕ ಮಾತ್ರ ಒಮ್ಮೆ ನನ್ನ ಬುಟ್ಟಿಯಲ್ಲಿ ಇಣುಕಿದಳು, ಆಮೇಲೆ ತನ್ನದರಲ್ಲಿ. ಮುಖ ಒಣಮೆಣಸಿನಕಾಯಿ ಆಯಿತು. ತನ್ನ ಬುಟ್ಟಿಯನ್ನು ಶಾಂತವ್ವನ ಕಾಲ ಬುಡದಲ್ಲಿ ಬೋರಲು ಹಾಕಿ ಏನೇನೋ ಅಂದಳು. ಪಾಸ್ಟರು ಅಂಜುತ್ತ ಕನ್ನಡ ಮಾಡಿದರು: “ತುಂಬ ಹಾಕ್ರಿ ಅಂತಾರ. ಉಣ್ಣಾಕ ಬಂದಿಲ್ಲಂತ, ದುಡಿಯಾಕ ಬಂದಾರಂತ.”

ಶಾಂತವ್ವ ತುಂಬಿದಳು. ಅಕ್ಕ ಹೊತ್ತಳು. ಬುಟ್ಟಿ ವಾಲಿತು, ಇಳಿಸಲಿಲ್ಲ. ನಾನು ನನ್ನ ಬುಟ್ಟಿ ಹೊತ್ತು ಪಕ್ಕದಲ್ಲೇ ನಡೆದು, ಆಕೆಯದು ವಾಲಿದಾಗೆಲ್ಲ ಕೆಳಗೆ ಒಂದು ಕೈ ಕೊಟ್ಟೆ. ಆಕೆ ಸಾಲು ಬಿಡಲಿಲ್ಲವೆಂದು ನಾನೂ ಬಿಡಲಿಲ್ಲ. ಆಕೆಯೂ ನನ್ನನ್ನು ನೋಡಿಯೇ ಹಟ ಹಿಡಿದಿದ್ದಳೇನೋ, ಕೇಳಲು ಭಾಷೆ ಇರಲಿಲ್ಲ.

ಸ್ಲ್ಯಾಬು ಮುಗಿದ ಮೇಲೆ ಬೇವಿನ ನೆರಳಲ್ಲಿ ಗೋಧಿ ಹುಗ್ಗಿ ಉಂಡೆವು. ಆಕೆ ಕೈಗವಸು ಕಳಚಿ ತನ್ನ ಅಂಗೈ ನನ್ನದರ ಪಕ್ಕ ಇಟ್ಟಳು. ಆಕೆಯದರಲ್ಲಿ ಬೊಬ್ಬೆ, ನನ್ನದರಲ್ಲಿ ಚಪ್ಪಲಿಯಂಥ ಗಟ್ಟಿ ತೊಗಲು. ಇಬ್ಬರೂ ನಕ್ಕೆವು. ಬಾಳಪ್ಪ ಕೈ ತೊಳೆಯುತ್ತ ನನ್ನ ಕಡೆ ನೋಡದೆಯೇ, “ಆಯಿ, ಉಗಾರದಾಗ ಇನ್ನೊಂದು ಸ್ಲ್ಯಾಬ್ ಐತಿ. ಲಗೂನ ಬಾ,” ಎಂದ. ಹುಗ್ಗಿ ಆಗ ಸಿಹಿ ಹತ್ತಿತು.

ಮೊನ್ನೆ ಅಥಣಿಯಲ್ಲಿ ಮೊಮ್ಮಗಳ ಮನೆಯ ಸ್ಲ್ಯಾಬು. ಉಣ್ಣಲು ಕರೆದಿದ್ದರು, ನಾನು ಸಿಂಬಿ ಸುತ್ತಿಕೊಂಡು ಸಾಲಿಗೆ ನಿಂತೆ. ಹೆಣ್ಣಾಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ತಲೆಯ ಮೇಲೆ ಬುಟ್ಟಿ ಕೂತ ಕೂಡಲೇ ತಿಳಿಯಿತು: ಅರ್ಧ. ಅಕ್ಕನ ಹಾಗೆ ಬೋರಲು ಹಾಕಿ ಬೈಯಬೇಕೆಂದು ಬಾಯಿ ತೆರೆದೆ. ಮೊಣಕಾಲು ‘ಸುಮ್ಮನಿರು ಬೇ’ ಅಂದವು.

“ಆಯಿ, ಇತ್ತಾಗ ನೋಡು,” ಎಂದು ಮೊಮ್ಮಗಳು ಮೊಬೈಲು ಹಿಡಿದಳು. ಎದೆ ಉಬ್ಬಿಸಿ ನಿಂತೆ. ಫೋಟೋದಲ್ಲಿ ಬುಟ್ಟಿಯೊಳಗೆ ಎಷ್ಟಿದೆ ಎಂದು ಕಾಣುವುದಿಲ್ಲ.